ಕೊರಿಯಾಕ್ಕೆ ಹೋದ ನಮ್ಮ ಆಂಬುಲೆನ್ಸ್

ಎಲ್ಲಿಯೇ ಯುದ್ಧ ಹೊತ್ತಿಕೊಂಡರೂ “ಸೈನಿಕರು ಬೇಡ, ವೈದ್ಯರನ್ನು ಕಳುಹಿಸೋಣ, ಆಗ ಯಾರ ಪಕ್ಷವನ್ನೂ ವಹಿಸಿದಂತಾಗುವುದಿಲ್ಲ” ಎನ್ನುವವರು ನಮ್ಮಲ್ಲಿದ್ದಾರೆ. ವೈದ್ಯರನ್ನು ಕಳುಹಿಸಬೇಕೆಂಬುದಕ್ಕೆ ನನ್ನ ತಕರಾರಿಲ್ಲ. ಪಕ್ಷ ವಹಿಸಿದಂತಾಗುವುದಿಲ್ಲ ಎಂಬ ಮಾತನ್ನು ಮಾತ್ರ ಒಪ್ಪಲಾರೆ. ಆ ಪ್ರಯೋಗವನ್ನು ಭಾರತ ಒಮ್ಮೆ ಮಾಡಿ ನೋಡಿದೆ.

1950ರ ಜೂನ್ 25ರಂದು ಉತ್ತರ ಕೊರಿಯಾದ ಸೇನೆ ದಕ್ಷಿಣಕ್ಕೆ ನುಗ್ಗಿತು. ವಿಶ್ವಸಂಸ್ಥೆಯಲ್ಲಿ ಆಕ್ರಮಣವನ್ನು ಖಂಡಿಸಿದ ಭಾರತ, ಕಾದಾಡುವ ಪಡೆಯನ್ನು ಕೊಡಲು ಒಪ್ಪದೆ, ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ ನೇತೃತ್ವದಲ್ಲಿ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ಸೇನಾ ವೈದ್ಯಕೀಯ ಘಟಕವನ್ನು ಕಳುಹಿಸಿತು. ನವೆಂಬರ್‌ನಲ್ಲಿ ಪುಸಾನ್‌ಗೆ ಬಂದಿಳಿದ ಈ ಘಟಕದ ಒಂದು ಭಾಗ ತೇಗು ನಗರದಲ್ಲಿ ಆಸ್ಪತ್ರೆಯ ಕೆಲಸಕ್ಕೆ ನಿಂತಿತು. ಇನ್ನೊಂದು ಭಾಗ ಬ್ರಿಟಿಷ್ ಕಾಮನ್‌ವೆಲ್ತ್ ಬ್ರಿಗೇಡ್‌ನೊಂದಿಗೆ ರಣರಂಗಕ್ಕೆ ಹೋಯಿತು.

ಕೊರಿಯಾಕ್ಕೆ ಬಂದ ಕೆಲವೇ ದಿನಗಳಲ್ಲಿ, ಉತ್ತರದ ಪರ ಯುದ್ಧಕ್ಕಿಳಿದಿದ್ದ ಚೀನೀ ಸೇನೆಯ ಹೊಡೆತಕ್ಕೆ, ದಕ್ಷಿಣದ ಪರ ಕಾದಾಡುತ್ತಿದ್ದ ವಿಶ್ವಸಂಸ್ಥೆಯ ಪಡೆಗಳು ಉತ್ತರದ ರಾಜಧಾನಿ ಪ್ಯೊಂಗ್ಯಾಂಗ್ ಬಿಟ್ಟು ಹಿಂದೆ ಸರಿಯತೊಡಗಿದವು. ವಾಹನಗಳಿಲ್ಲದ ಭಾರತೀಯರು ಶಸ್ತ್ರಚಿಕಿತ್ಸೆಯ ಸಾಮಗ್ರಿಯನ್ನೆಲ್ಲ ಅಲ್ಲಿಯೇ ಬಿಟ್ಟು ಓಡಬೇಕಾದ ಸ್ಥಿತಿ. ಅವರು ಬಿಡಲಿಲ್ಲ. ಹಳೆಯ ಉಗಿಬಂಡಿಯೊಂದನ್ನು ಹುಡುಕಿ, ಬಾಯ್ಲರಿಗೆ ಬಕೆಟ್ಟುಗಳಲ್ಲಿ ನೀರು ಹೊತ್ತು ತುಂಬಿ, ತಮ್ಮಲ್ಲೇ ಎಂಜಿನ್ ನಡೆಸಲು ಬಲ್ಲವರನ್ನು ಮುಂದೆ ಕೂರಿಸಿಕೊಂಡು, ಸೇತುವೆಯನ್ನು ಸಿಡಿಸುವ ಮೊದಲೇ ನದಿ ದಾಟಿಬಿಟ್ಟರು. ವೈದ್ಯಕೀಯ ಕಾಲೇಜಿನಲ್ಲಿ ಕಲಿಸುವ ವಿದ್ಯೆಯಂತೂ ಇದಲ್ಲ!

ನನ್ನ ವಾದಕ್ಕೆ ಮುಖ್ಯವಾದದ್ದು 1951ರ ಮಾರ್ಚ್ 23. ಅಂದು ಅಮೆರಿಕದ 187ನೇ ಏರ್‌ಬೋರ್ನ್ ರೆಜಿಮೆಂಟಿನ ಸಾವಿರಾರು ಪ್ಯಾರಾಚೂಟ್ ಸೈನಿಕರು ವಿಮಾನಗಳಿಂದ ಮುನ್ಸಾನ್ ಬಳಿ ಶತ್ರುವಿನ ಬೆನ್ನ ಹಿಂದೆ ಧುಮುಕಿದರು. ಅವರೊಂದಿಗೆ ರಂಗರಾಜ್ ಸೇರಿ ಹನ್ನೆರಡು ಭಾರತೀಯರೂ ಧುಮುಕಿದರು. ಅದು ನೆರವಿನ ಶಿಬಿರವಲ್ಲ, ದಾಳಿ. ಆ ದಾಳಿಯ ಯೋಜನೆಯಲ್ಲಿ ನಮ್ಮ ಶಸ್ತ್ರವೈದ್ಯರೂ ಒಂದು ಭಾಗವಾಗಿದ್ದರು, ಏಕೆಂದರೆ ಗಾಯಗೊಂಡರೆ ನೋಡಿಕೊಳ್ಳುವವರಿದ್ದಾರೆಂಬ ಭರವಸೆಯಿಲ್ಲದೆ ಅಷ್ಟು ಜನರನ್ನು ಶತ್ರುವಿನ ನೆಲದಲ್ಲಿ ಇಳಿಸುವುದು ಯಾವ ಸೇನಾನಿಗೂ ಕಷ್ಟ. ದೆಹಲಿಯ ಕಡತದಲ್ಲಿ ಮಾನವೀಯ ನೆರವು ಎಂದಿದ್ದದ್ದು ಮುನ್ಸಾನಿನ ಬಯಲಿನಲ್ಲಿ ಯುದ್ಧದ ಅಂಗವೇ ಆಗಿತ್ತು. ನಮ್ಮ ಸರ್ಕಾರಕ್ಕೂ ಇದು ಒಳಗೊಳಗೇ ಗೊತ್ತಿದ್ದಿರಬೇಕು; ರಂಗರಾಜ್ ಅವರಿಗೆ ಕೊಟ್ಟದ್ದು ಮಹಾವೀರ ಚಕ್ರ, ಶತ್ರುವಿನ ಎದುರು ತೋರಿದ ಶೌರ್ಯಕ್ಕೆ ಕೊಡುವ ಪದಕ.

ಹಾಗೆಂದು ಆ ನಿರ್ಧಾರ ತಪ್ಪೆಂದು ನಾನು ಹೇಳುತ್ತಿಲ್ಲ. ಗಾಯಾಳುವಿಗೆ ವೈದ್ಯ ಬೇಕು, ಅಷ್ಟೇ. ಆದರೆ ಕಳುಹಿಸುವವರು ತಮ್ಮ ಕೈಗೆ ಯುದ್ಧದ ಕೆಸರು ಅಂಟಿಲ್ಲವೆಂದು ಹೇಳಿಕೊಳ್ಳಬಾರದು. ಹಾಗೆ ಹೇಳಿಕೊಂಡಷ್ಟೂ ಹೋದವರು ಎದುರಿಸಿದ ಅಪಾಯವನ್ನು ಕಿರಿದುಗೊಳಿಸಿದಂತೆ.

ತಟಸ್ಥತೆಯ ಹೆಸರು ಆ ಘಟಕವನ್ನು ಕಾಯಲೂ ಇಲ್ಲ, ಭಾರತಕ್ಕೆ ವಿಶ್ವಾಸ ಗಳಿಸಿಕೊಡಲೂ ಇಲ್ಲ. 1953ರಲ್ಲಿ ಕದನವಿರಾಮವಾದ ಮೇಲೆ, ತಾಯ್ನಾಡಿಗೆ ಮರಳಲೊಲ್ಲದ ಯುದ್ಧಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯನವರು ಅಧ್ಯಕ್ಷರಾದರು. ಕಾವಲಿಗೆ ಭಾರತದ ಸೈನಿಕರು ಹಡಗಿನಲ್ಲಿ ಬಂದಾಗ, ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಅವರು ತಮ್ಮ ನೆಲದ ಮೇಲೆ ಭಾರತೀಯರು ಕಾಲಿಡಕೂಡದೆಂದು ಹಟ ಹಿಡಿದರು. ಕೊನೆಗೆ ಅಮೆರಿಕದ ಹೆಲಿಕಾಪ್ಟರುಗಳು ಆ ಸೈನಿಕರನ್ನು ಎರಡೂ ಕೊರಿಯಾಗಳ ನಡುವಿನ ನಿಸ್ಸೇನಾ ವಲಯಕ್ಕೆ ಹೊತ್ತೊಯ್ಯಬೇಕಾಯಿತು. ಅದೇ ನೆಲದಲ್ಲಿ 60ನೇ ಆಂಬುಲೆನ್ಸ್ ಅಷ್ಟರಲ್ಲಾಗಲೇ ಮೂರನೆಯ ವರ್ಷದ ಸೇವೆಯಲ್ಲಿತ್ತು.