ಡಬ್ಬಿಯ ಮೇಲಿನ ಹೆಸರು

ಸ್ಟುಟ್‌ಗಾರ್ಟಿನಲ್ಲಿ ನಾನಿರುವ ಕಟ್ಟಡಕ್ಕೆ ನಂಬರಿದೆ, ಒಳಗಿನ ಮನೆಗಳಿಗಿಲ್ಲ. ಜರ್ಮನಿಯ ಬಹುತೇಕ ಕಟ್ಟಡಗಳ ಕಥೆಯೂ ಇದೇ. ಎರಡನೆಯ ಮಹಡಿ, ಎಡಗಡೆಯ ಬಾಗಿಲು ಎಂದು ವಿಳಾಸದಲ್ಲಿ ಬರೆದರೆ ಯಾರೂ ಬೇಡವೆನ್ನುವುದಿಲ್ಲ. ಆದರೆ ಅಂಚೆಯವರಿಗೆ ಬೇಕಾಗಿರುವುದು ಅದಲ್ಲ. ಅವರು ನೋಡುವುದು ಬೀದಿಬಾಗಿಲ ಪಕ್ಕದಲ್ಲಿ ಸಾಲಾಗಿ ಕೂಡಿಸಿದ ತಗಡಿನ ಡಬ್ಬಿಗಳನ್ನು, ಅವುಗಳ ಮೇಲಿನ ಹೆಸರುಗಳನ್ನು. ಹೆಸರಿದ್ದರೆ ಕಾಗದ ಒಳಗೆ ಬೀಳುತ್ತದೆ. ಇಲ್ಲದಿದ್ದರೆ, ನೀವು ಅದೇ ಮನೆಯಲ್ಲಿ ಕಾಲು ಚಾಚಿ ಕಾಫಿ ಕುಡಿಯುತ್ತಿದ್ದರೂ, ‘ಈ ವಿಳಾಸದಲ್ಲಿ ಇಂಥವರು ಪತ್ತೆಯಿಲ್ಲ’ ಎಂಬ ಷರಾ ಹೊತ್ತು ಕಳುಹಿಸಿದವರ ಬಳಿಗೇ ವಾಪಸಾಗುತ್ತದೆ.

ಒಬ್ಬಂಟಿಯಾಗಿ ಪರದೇಶಕ್ಕೆ ಹೊರಟವನಿಗೆ ಸಲಹೆ ಕೊಡುವವರಿಗೇನೂ ಬರವಿಲ್ಲ. ಕೋಟು ಇಲ್ಲಿಯೇ ಕೊಳ್ಳಬೇಕೇ, ಅಲ್ಲಿ ಹೋಗಿ ಕೊಳ್ಳಬೇಕೇ, ಕುಕ್ಕರಿನ ಗ್ಯಾಸ್ಕೆಟ್ ಎಷ್ಟು ಒಯ್ಯಬೇಕು ಎಂಬ ವಿಷಯಗಳಲ್ಲಿ ನಮ್ಮ ಬಂಧುಬಳಗದಲ್ಲಿ ಎರಡು ಪಂಗಡಗಳೇ ಆಗಿದ್ದವು. ‘ಹೋದ ತಕ್ಷಣ ಡಬ್ಬಿಗೆ ಹೆಸರು ಅಂಟಿಸು’ ಎಂದವರು ಮಾತ್ರ ಒಬ್ಬರೂ ಇಲ್ಲ.

ಉದ್ಯೋಗದ ಮಾತು ಬೇಗ ಮುಗಿಯುತ್ತದೆ. ಊರಿನಲ್ಲಿದ್ದಾಗ ದಿಟ್ಟಿಸುತ್ತಿದ್ದಂಥ ಪರದೆಯನ್ನೇ ಇಲ್ಲಿಯೂ ದಿಟ್ಟಿಸುತ್ತೇನೆ. ಅದೇ ದೋಷಗಳು, ಅವೇ ಗಡುವುಗಳು. ಒಂದು ವ್ಯತ್ಯಾಸವೆಂದರೆ ಸಂಜೆಯ ಮೇಲೆ ಕಚೇರಿಯಿಂದ ಯಾರೂ ಫೋನು ಮಾಡುವುದಿಲ್ಲ. ಬೇಸಿಗೆಯಲ್ಲಿ ಇದು ದೊಡ್ಡ ಸ್ವಾತಂತ್ರ್ಯವೆಂದೇ ಬೀಗಿದೆ. ನವೆಂಬರ್ ಕೊನೆಗೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗತೊಡಗಿದಾಗ, ಯಾರಾದರೂ ಕರೆದು ಬೈಯಲಾದರೂ ಬಾರದೇ ಎನ್ನಿಸಿತು.

ಹೊಸ ದೇಶದಲ್ಲಿ ನೆಲೆಯೂರುವುದೆಂದರೆ ಮನಸ್ಸಿಗೆ ಸಂಬಂಧಪಟ್ಟ ಸೂಕ್ಷ್ಮ ವ್ಯವಹಾರವೆಂದು ನಾನು ತಿಳಿದಿದ್ದೆ. ಜರ್ಮನಿಯಲ್ಲಿ ಅದು ಮೊದಲು ಕಾಗದದ ವ್ಯವಹಾರ. ಮನಸ್ಸು ಅದರ ಹಿಂದೆ ನಿಧಾನವಾಗಿ ಬರುತ್ತದೆ. ಮನೆ ಹೊಕ್ಕ ಎರಡು ವಾರದೊಳಗೆ ವಿಳಾಸವನ್ನು ನೋಂದಾಯಿಸಬೇಕು. 2015ರ ನವೆಂಬರಿನಿಂದ ಅದಕ್ಕೆ ‘ಇಂಥವರು ನನ್ನ ಮನೆಗೆ ಬಂದಿರುವುದು ನಿಜ’ ಎಂದು ಮನೆ ಕೊಟ್ಟವರು ಬರೆದುಕೊಟ್ಟ ಚೀಟಿಯೂ ಬೇಕು. ಬ್ಯಾಂಕಿನವರು ವಿಳಾಸ ಕೇಳುತ್ತಾರೆ. ಮನೆ ಕೊಡುವವರು ಸಂಬಳದ ಚೀಟಿ ಕೇಳುತ್ತಾರೆ. ಸಂಬಳ ಕೊಡುವವರು ಬ್ಯಾಂಕಿನ ಖಾತೆ ಕೇಳುತ್ತಾರೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಹೇಗೋ ಒಂದು ಕಡೆಯಿಂದ ಗಂಟು ಸಡಿಲಾಗುತ್ತದೆ; ಎಲ್ಲಿಂದ ಸಡಿಲಾಯಿತೆಂದು ಆಮೇಲೆ ನೆನಪಿರುವುದಿಲ್ಲ.

ನೋಂದಣಿ ಕಚೇರಿಯ ಹೆಂಗಸು ಹೆಸರು, ಹುಟ್ಟಿದ ತಾರೀಖು ಎಲ್ಲ ಮುಗಿಸಿ, ತಲೆಯೆತ್ತದೆ, ಧರ್ಮ ಯಾವುದೆಂದು ಕೇಳಿದರು. ನಾನು ಕೊಂಚ ಸೆಟೆದು ಕುಳಿತೆ. ತಾತ್ವಿಕ ಕುತೂಹಲವೇನೂ ಇರಲಿಲ್ಲ: ಚರ್ಚುಗಳ ಸದಸ್ಯರ ಸಂಬಳದಿಂದ ಚರ್ಚ್ ತೆರಿಗೆ ಹಿಡಿಯಬೇಕು, ಸ್ಟುಟ್‌ಗಾರ್ಟ್ ಇರುವ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿ ಅದು ಆದಾಯ ತೆರಿಗೆಯ ಶೇ. 8. ದೇವರ ವಿಷಯವನ್ನು ಇಷ್ಟು ನಿರ್ಲಿಪ್ತವಾಗಿ ಯಾರೂ ನನ್ನನ್ನು ಕೇಳಿದ್ದಿಲ್ಲ.

ಆಮೇಲೆ ಹೆಸರಿನ ತಕರಾರು. ನಮ್ಮ ಕಡೆ ಮನೆತನದ ಹೆಸರು ಎಲ್ಲರಿಗೂ ಇರುವುದಿಲ್ಲ; ಹೆಸರಿನ ಜೊತೆ ಒಂದೆರಡು ಇನಿಶಿಯಲ್ ಇಟ್ಟುಕೊಂಡು ಆಯುಷ್ಯ ಕಳೆಯುತ್ತೇವೆ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಹಾಗೆ ಬಿಡಿಸಿದಾಗ ನನ್ನ ಹೆಸರಿನ ಕೊನೆಗೆ ಅಪ್ಪ ಬಂದು ನಿಂತರು. ಜರ್ಮನ್ನರಿಗೆ ಕೊನೆಯ ಹೆಸರೇ ಹೆಸರು. ಕಟ್ಟಡ ನೋಡಿಕೊಳ್ಳುವವರು ಅಚ್ಚುಕಟ್ಟಾದ ಫಲಕ ಮಾಡಿಸಿ ಕಳುಹಿಸುವವರೆಗೆ ನಾನೇ ಒಂದು ಚೀಟಿ ಬರೆದು, ಮಳೆಗೆ ಮಸಿ ಕದಡದಂತೆ ಮೇಲೆ ಅಂಟುಪಟ್ಟಿ ಎಳೆದು, ಡಬ್ಬಿಗೂ ಕರೆಗಂಟೆಗೂ ಅಂಟಿಸಿದೆ. ಎರಡರ ಮೇಲೂ ಅಪ್ಪನ ಹೆಸರು. ನನ್ನದಕ್ಕೆ ಜಾಗವೂ ಇರಲಿಲ್ಲ, ಅಗತ್ಯವೂ ಇರಲಿಲ್ಲ. ಫೋಟೊ ತೆಗೆದು ಮನೆಗೆ ಕಳುಹಿಸಿದೆ. ಅಪ್ಪ ಸ್ವಲ್ಪ ಹೊತ್ತು ನೋಡಿ, “ಹಾಗಾದರೆ ಜರ್ಮನಿಯಲ್ಲಿ ನನ್ನ ಹೆಸರಿನಲ್ಲೊಂದು ಮನೆಯಿದೆ ಎನ್ನು. ಬಾಡಿಗೆ ಯಾರು ಕಟ್ಟುವುದು?” ಎಂದು ಕೇಳಿದರು.

ಹೆಸರು ಬಿದ್ದದ್ದೇ ತಡ, ಕಾಗದಗಳು ಸುರಿಯತೊಡಗಿದವು. ಹನ್ನೊಂದು ಅಂಕಿಗಳ ತೆರಿಗೆ ಗುರುತಿನ ಸಂಖ್ಯೆ ಮೊದಲು. ಆಯುಷ್ಯವಿಡೀ ಬದಲಾಗದ ಸಂಖ್ಯೆ, ಜತನದಿಂದ ಇಟ್ಟುಕೊಳ್ಳಿ ಎಂಬ ಒಕ್ಕಣೆ ಬೇರೆ. ಬ್ಯಾಂಕಿನ ಕಾರ್ಡು ಒಂದು ಲಕೋಟೆಯಲ್ಲಿ, ಅದರ ಗುಪ್ತಸಂಖ್ಯೆ ಇನ್ನೊಂದರಲ್ಲಿ. ಎರಡೂ ಒಟ್ಟಿಗೆ ಬಂದರೆ ಕಳ್ಳನಿಗೆ ಅನುಕೂಲವೆಂದು ಬೇರೆ ಬೇರೆ ದಿನ ಕಳುಹಿಸುತ್ತಾರೆ. ನಡುವಿನ ದಿನಗಳಲ್ಲಿ ಆ ಕಾರ್ಡನ್ನು ಕೈಯಲ್ಲಿ ಹಿಡಿದು ನೋಡುವುದಷ್ಟೇ ನಮ್ಮ ಭಾಗ್ಯ. ಆರೋಗ್ಯ ವಿಮೆಯ ಕಾರ್ಡು ನನ್ನ ಫೋಟೊ ಹೊತ್ತು ಬಂತು. ಅದರ ಹಿಂದೆಯೇ ರೇಡಿಯೊ ಮತ್ತು ಟೆಲಿವಿಷನ್ ಶುಲ್ಕದ ಪತ್ರ. ನನ್ನ ಮನೆಯಲ್ಲಿ ಎರಡೂ ಇಲ್ಲ. ಇರಬೇಕಾಗಿಯೂ ಇಲ್ಲ: 2013ರಿಂದ ಅದು ಮನೆಗೊಂದರಂತೆ ವಸೂಲಿಯಾಗುವ ಶುಲ್ಕ, ತಿಂಗಳಿಗೆ 18.36 ಯೂರೊ. ನಾನು ಬಂದಿರುವ ಸಂಗತಿ ಅವರಿಗೆ ನೋಂದಣಿ ಕಚೇರಿಯಿಂದಲೇ ತಲುಪಿರುತ್ತದೆ. ಐದು ಜನರ ಸಂಸಾರವೂ ಅಷ್ಟೇ ಕಟ್ಟುತ್ತದೆ, ಒಬ್ಬನೇ ಇರುವವನೂ ಅಷ್ಟೇ ಕಟ್ಟುತ್ತಾನೆ. ಒಂಟಿತನದ ಬಗ್ಗೆ ಕವಿಗಳು ಬೇಕಾದಷ್ಟು ಬರೆದಿದ್ದಾರೆ. ಅದರ ತಲಾ ಖರ್ಚಿನ ಕಡೆಗೆ ಅವರ ಗಮನ ಹೋದಂತಿಲ್ಲ.

ಈ ಕಾಗದದ ಮೋಹವನ್ನು ಗೇಲಿ ಮಾಡುವುದು ಇಲ್ಲಿಗೆ ಬಂದ ಭಾರತೀಯರೆಲ್ಲರ ನೆಚ್ಚಿನ ಹವ್ಯಾಸ. ಸರಕು ಬೇಕಾದಷ್ಟಿದೆ. 95 ಸೆಂಟಿನ ಅಂಚೆಚೀಟಿ ಹಚ್ಚಿ ಕಳುಹಿಸಿದ ಸಾದಾ ಪತ್ರಕ್ಕಿರುವ ಗೌರವ ಇಮೇಲಿಗಿಲ್ಲ. ಸರಕಾರಿ ಕಚೇರಿಯೊಂದು ಆದೇಶವನ್ನು ಅಂಚೆಗೆ ಹಾಕಿದರೆ ನಾಲ್ಕನೆಯ ದಿನ ನಿಮಗೆ ತಲುಪಿದೆಯೆಂದೇ ಲೆಕ್ಕ. 2025ಕ್ಕೆ ಮುಂಚೆ ಮೂರು ದಿನವಿತ್ತು, ಅಂಚೆ ನಿಧಾನವಾಯಿತೆಂದು ಕಾನೂನೂ ಒಂದು ದಿನ ಹಿಂದೆ ಸರಿಯಿತು. ಇನ್ನು ಕೋರ್ಟು, ಸರಕಾರಿ ಕಚೇರಿಗಳ ಗಂಭೀರ ಪತ್ರ ಹೊತ್ತ ಹಳದಿ ಲಕೋಟೆ ಬಂದರೆ ಎದೆ ಹೊಡೆದುಕೊಳ್ಳುತ್ತದೆ. ಅದನ್ನು ತಂದವರು ಡಬ್ಬಿಗೆ ಹಾಕಿದ ತಾರೀಖನ್ನು ಲಕೋಟೆಯ ಮೇಲೆಯೇ ಕೈಯಲ್ಲಿ ಬರೆದಿರುತ್ತಾರೆ. ಆ ಕ್ಷಣದಿಂದ ಗಡುವು ಓಡತೊಡಗುತ್ತದೆ, ನೀವು ಡಬ್ಬಿ ತೆರೆಯಿರಿ, ಬಿಡಿ.

ನಾನು ಮಾತ್ರ ಆ ಗೇಲಿಯಲ್ಲಿ ಪೂರ್ತಿಯಾಗಿ ಸೇರಿಕೊಳ್ಳಲಾರೆ. ಸಂಜೆ ಕೆಲಸ ಮುಗಿಸಿ ಬಂದು ಡಬ್ಬಿಯ ಪುಟ್ಟ ಬೀಗ ತಿರುವಿದಾಗ ಒಳಗೆ ಒಂದು ಲಕೋಟೆಯಿದ್ದು, ಅದರ ಮೇಲೆ ‘ಮಾನ್ಯ ಶ್ರೀ’ ಎಂದಿದ್ದರೆ, ಆ ದಿನ ಈ ಊರಿನಲ್ಲಿ ಒಬ್ಬರಿಗಾದರೂ ನನ್ನ ಪಾಡು ಗೊತ್ತು ಎನ್ನಿಸುತ್ತಿತ್ತು. ಅವರು ನೀರಿನ ಮೀಟರಿನ ಓದು ಕೇಳುತ್ತಿದ್ದರೆನ್ನುವುದು ಬೇರೆ ಮಾತು. ಪತ್ರಗಳನ್ನು ನಾನು ಮೆಟ್ಟಿಲು ಹತ್ತುತ್ತಲೇ ಓದುತ್ತಿರಲಿಲ್ಲ. ಮೇಲೆ ಹೋಗಿ, ಅನ್ನಕ್ಕಿಟ್ಟು, ಮೇಜಿನ ಮೇಲೆ ಹರಡಿಕೊಂಡು, ನಿಘಂಟಿನ ಸಮೇತ ಓದುತ್ತಿದ್ದೆ. ನನ್ನ ಜರ್ಮನ್ ಬೆಳೆದದ್ದು ತರಗತಿಯಲ್ಲಿ ಸ್ವಲ್ಪ, ಈ ಮೇಜಿನ ಮೇಲೆ ಹೆಚ್ಚು. ಅದಕ್ಕೇ ಬೇಕರಿಯಲ್ಲಿ ಬ್ರೆಡ್ ಕೇಳುವಾಗಲೂ ನನ್ನ ಭಾಷೆ ಕೊಂಚ ನೋಟಿಸಿನ ಧಾಟಿಯಲ್ಲಿರುತ್ತದೆ.

ಡಬ್ಬಿ ತೆರೆಯಲು ಹೆದರಿದ ಕಾಲವೂ ಒಂದಿತ್ತು. ಕೆಲಸಕ್ಕೆ ಸೇರಿದ ಮೊದಲ ಆರು ತಿಂಗಳು ಪರೀಕ್ಷಾ ಅವಧಿ. ಆಗ ಯಾರು ಯಾರನ್ನು ಬೇಕಾದರೂ ಎರಡು ವಾರದ ನೋಟಿಸ್ ಕೊಟ್ಟು ಬಿಡಬಹುದು. ಆ ನೋಟಿಸು ಇಮೇಲಿನಲ್ಲಿ ಬಂದರೆ ಊರ್ಜಿತವಲ್ಲ, ಕಾಗದದ ಮೇಲೆ ಶಾಯಿಯ ಸಹಿಯೊಂದಿಗೇ ಬರಬೇಕು. ಹೀಗೆಂದು ಸಹೋದ್ಯೋಗಿಯೊಬ್ಬರು ನನಗೆ ಧೈರ್ಯ ತುಂಬುವುದಕ್ಕಾಗಿ ಹೇಳಿದರು. ಪರಿಣಾಮವೆಂದರೆ, ಕಚೇರಿಯ ಇಮೇಲುಗಳನ್ನು ನಿಶ್ಚಿಂತೆಯಿಂದ ಓದಿ ಮನೆಯ ಡಬ್ಬಿಯೆದುರು ಬೆವರುತ್ತಿದ್ದೆ.

ಭಾನುವಾರಗಳ ಬಗ್ಗೆ ಒಂದು ಮಾತು. ಅಂದು ಅಂಗಡಿಗಳು ಮುಚ್ಚಿರುತ್ತವೆ, ಡ್ರಿಲ್ ಹಿಡಿದು ಗೋಡೆ ಕೊರೆಯುವಂತಿಲ್ಲ, ಬೀದಿಯಲ್ಲಿ ನಾಯಿ ಹಿಡಿದು ನಡೆಯುವವರನ್ನು ಬಿಟ್ಟರೆ ನರಪಿಳ್ಳೆಯಿಲ್ಲ. ಒಂಟಿಯಾಗಿರುವವರಿಗೆ ಭಾನುವಾರವೇ ಕಠಿಣವೆಂದು ಎಲ್ಲರೂ ಹೇಳುತ್ತಾರೆ. ನನಗೆ ಬುಧವಾರ ಕಠಿಣ. ಭಾನುವಾರ ಟಪಾಲಿಲ್ಲ, ಹಾಗಾಗಿ ಕಟ್ಟಡದ ಎಲ್ಲರ ಡಬ್ಬಿಯೂ ಖಾಲಿ. ಬುಧವಾರ ಪಕ್ಕದ ಡಬ್ಬಿಯಿಂದ ಬಣ್ಣದ ಲಕೋಟೆಗಳು ಇಣುಕುತ್ತಿರುವಾಗ ನಮ್ಮದರಲ್ಲಿ ಪಿಜ್ಜಾ ಅಂಗಡಿಯ ಕರಪತ್ರವಷ್ಟೇ ಇದ್ದರೆ ನಿಜಕ್ಕೂ ಬೇಸರವಾಗುತ್ತದೆ. ‘ಜಾಹೀರಾತು ಬೇಡ’ ಎಂಬ ಚೀಟಿಯನ್ನು ಇಲ್ಲಿ ಅನೇಕರು ಡಬ್ಬಿಗೆ ಅಂಟಿಸಿರುತ್ತಾರೆ. ನಾನು ಬಹಳ ಕಾಲ ಅಂಟಿಸಲಿಲ್ಲ. ಏನಾದರೊಂದು ಬರಲಿ ಎಂದು.

ನೆರೆಯವರೊಂದಿಗೆ ಪರಿಚಯವಾದದ್ದು ಪೊಟ್ಟಣಗಳ ಮೂಲಕ. ವಾರದಲ್ಲಿ ಕೆಲವು ದಿನ ಮನೆಯಿಂದಲೇ ಕೆಲಸ ಮಾಡುತ್ತೇನೆ. ಈ ರಹಸ್ಯ ಪೊಟ್ಟಣ ಹಂಚುವವರಿಗೆ ಬಹು ಬೇಗ ತಿಳಿಯಿತು. ಯಾರ ಪೊಟ್ಟಣವಾದರೂ ಸರಿ, ಮನೆಯವರು ಬಾಗಿಲು ತೆಗೆಯದಿದ್ದರೆ ಗಂಟೆ ನನ್ನದೇ ಮೊಳಗುತ್ತದೆ. ಅವರು ಚಾಚಿದ ಯಂತ್ರದ ಗಾಜಿನ ಮೇಲೆ ಬೆರಳಿನಿಂದ ಸಹಿ ಮಾಡಬೇಕು. ಕನ್ನಡದಲ್ಲಿ ಮಾಡಲಿ, ಜರ್ಮನ್‌ನಲ್ಲಿ ಮಾಡಲಿ, ಅದು ಎರೆಹುಳು ಹರಿದ ಗುರುತಿನಂತೆಯೇ ಕಾಣುತ್ತದೆ. ‘ನಿಮ್ಮ ಪೊಟ್ಟಣ ಇಂಥವರ ಬಳಿಯಿದೆ’ ಎಂಬ ಚೀಟಿ ಆ ಮನೆಯವರ ಡಬ್ಬಿಗೆ ಬೀಳುತ್ತದೆ. ಸಂಜೆ ಒಬ್ಬೊಬ್ಬರೇ ಬಂದು ನನ್ನ ಬಾಗಿಲು ತಟ್ಟುತ್ತಾರೆ.

ಹೀಗೆ ತಿಂಗಳುಗಟ್ಟಲೆ ಹೆಸರುಗಳಾಗಿ ಮಾತ್ರ ಇದ್ದವರು ಮುಖಗಳಾದರು. ನೆಲಮಹಡಿಯ ಅಜ್ಜಿಗೆ ಬೆಕ್ಕಿನ ಆಹಾರ ಬರುತ್ತದೆ. ಚೀಲ ಎತ್ತಿಕೊಟ್ಟು ಒಳಗೆ ಇಟ್ಟುಬಂದರೆ ಬೆಕ್ಕಿನ ಆರೋಗ್ಯದ ವಿವರಗಳನ್ನು ಕೇಳಿಯೇ ಹೊರಡಬೇಕು. ನನ್ನ ಎದುರುಮನೆಯ ಕ್ರೊಯೇಷಿಯಾದ ದಂಪತಿಗೆ ಮಗುವಿನ ಬಟ್ಟೆಗಳು, ಅವುಗಳಲ್ಲಿ ಅರ್ಧ ಮತ್ತೆ ವಾಪಸ್ಸು. ಮೂರನೆಯ ಮಹಡಿಯ ಗೃಹಸ್ಥರಿಗೆ ಏನು ಬರುತ್ತದೆಯೋ ಇಂದಿಗೂ ಗೊತ್ತಿಲ್ಲ, ಆದರೆ ಬಹಳ ಭಾರವಾದದ್ದು ಬರುತ್ತದೆ. ಈ ಪ್ರದೇಶದಲ್ಲಿ ವಾರಕ್ಕೊಬ್ಬರಂತೆ ಮೆಟ್ಟಿಲು ಗುಡಿಸುವ ಸರದಿಯೊಂದಿದೆ. ಸರದಿ ಯಾರದೋ ಅವರ ಬಾಗಿಲ ಹಿಡಿಕೆಗೆ ಒಂದು ಹಲಗೆ ನೇತುಬೀಳುತ್ತದೆ. ನಾನು ಮೂಲೆಗಳನ್ನು ಬಿಟ್ಟು ಗುಡಿಸುತ್ತೇನೆಂದು ಆ ಗೃಹಸ್ಥರಿಗೆ ಅಸಮಾಧಾನವಿತ್ತು. ಅವರ ಪೊಟ್ಟಣಗಳನ್ನು ಹೊರಲು ಶುರು ಮಾಡಿದ ಮೇಲೆ ಮೂಲೆಗಳ ಪ್ರಸ್ತಾಪ ನಿಂತಿತು.

ಎಲ್ಲರೂ ನನ್ನನ್ನು ಕರೆಯುವುದು ‘ಹೆರ್’, ಅಂದರೆ ನಮ್ಮ ‘ಶ್ರೀ’, ಸೇರಿಸಿ, ಅಪ್ಪನ ಹೆಸರಿನಿಂದ. ಊರಿನಲ್ಲಿ ಆ ಹೆಸರನ್ನು ಯಾರಾದರೂ ಬೀದಿಯಲ್ಲಿ ಕೂಗಿದರೆ ನಾನು ತಿರುಗಿ ನೋಡುವ ಪ್ರಶ್ನೆಯೇ ಇರಲಿಲ್ಲ. ‘ಅವರು ಮನೆಯಲ್ಲಿಲ್ಲ’ ಎಂದು ಹೇಳುವುದು ರೂಢಿ. ಈಗ ತಿರುಗುತ್ತೇನೆ.

ಈ ವರ್ಷ ಬೇಸಿಗೆಯಲ್ಲಿ ಅಪ್ಪ ಅಮ್ಮ ಬಂದಿದ್ದರು. ಮೂರು ತಿಂಗಳೊಳಗೆ ಹಿಂದಿರುಗುವ ವಿದೇಶಿ ಅತಿಥಿಗಳಿಗೆ ನೋಂದಣಿ ಬೇಕಿಲ್ಲ, ಆದ್ದರಿಂದ ಕಾಗದದ ಲೋಕದಲ್ಲಿ ಅವರಿಬ್ಬರೂ ಇಲ್ಲಿರಲೇ ಇಲ್ಲ. ಬಂದ ಮಾರನೆಯ ಬೆಳಿಗ್ಗೆ ಅಪ್ಪ ಕೆಳಗಿಳಿದು, ಡಬ್ಬಿಯ ಮೇಲಿನ ತಮ್ಮ ಹೆಸರನ್ನು ಕನ್ನಡಕ ಹಾಕಿಕೊಂಡು ಓದಿ, ಒಂದು ಅಕ್ಷರ ಬಿಟ್ಟುಹೋಗಿದೆ ಎಂದರು. ಪಾಸ್‌ಪೋರ್ಟಿನಲ್ಲಿರುವುದೇ ಹಾಗೆ ಎಂದರೆ ಒಪ್ಪಲಿಲ್ಲ.

ಒಂದು ದಿನ ನಾನು ಕಚೇರಿಯಲ್ಲಿದ್ದಾಗ ಗಂಟೆ ಬಾರಿಸಿತಂತೆ. ಅಪ್ಪ ಬಾಗಿಲು ತೆಗೆದರು. ಎದುರಿಗೆ ದೊಡ್ಡದೊಂದು ರಟ್ಟಿನ ಪೆಟ್ಟಿಗೆ ಹೊತ್ತ ಯುವಕ. ಅವನು ಕರೆಗಂಟೆಯ ಮೇಲಿನ ಹೆಸರು ಓದಿ, ನೀವೇ ತಾನೇ ಎಂಬಂತೆ ನೋಡಿದ. ಅಪ್ಪನಿಗೆ ಜರ್ಮನ್ ಬಾರದು. ಆದರೆ ಅವನು ಹೇಳಿದ್ದು ಅವರದೇ ಹೆಸರು. ಹೌದೆಂದು ಗತ್ತಿನಿಂದ ತಲೆಯಾಡಿಸಿ, ಗಾಜಿನ ಮೇಲೆ ಅಚ್ಚಗನ್ನಡದಲ್ಲಿ, ಬಿಟ್ಟುಹೋದ ಅಕ್ಷರವನ್ನೂ ಸೇರಿಸಿ, ಸಹಿ ಮಾಡಿದರು. ನಾನು ಸಂಜೆ ಬರುವಷ್ಟರಲ್ಲಿ ಪೆಟ್ಟಿಗೆ ನಡುಮನೆಯ ಮಧ್ಯದಲ್ಲಿತ್ತು. ಅಮ್ಮ ಕತ್ತರಿ ಹಿಡಿದು ಪಕ್ಕದಲ್ಲಿ ಕುಳಿತಿದ್ದರು. “ಜರ್ಮನಿಯವರು ನಿಮ್ಮ ಅಪ್ಪನಿಗೆ ಏನೋ ಕಳುಹಿಸಿದ್ದಾರೆ, ನೀನು ಬರಲಿ ಎಂದು ಬಿಚ್ಚಿಲ್ಲ” ಎಂದರು.

ಮೂರನೆಯ ಮಹಡಿಯದು. ಆಗಲೇ ಬಾಗಿಲು ತಟ್ಟುತ್ತಿದ್ದರು.