ಬೀಜಿಂಗ್‌ನ ಹೊಗೆಮಂಜು: ಸಾಗರದ ತಾಪಮಾನದ ದೀರ್ಘಾವಧಿ ಏರಿಳಿತವನ್ನು ಲೆಕ್ಕಕ್ಕೆ ಹಿಡಿಯಬೇಕೇ?

ಪರ

ಬೀಜಿಂಗ್‌ನ ಚಳಿಗಾಲದ ಗಾಳಿಯನ್ನು ತೊಳೆಯುವುದು ಸೈಬೀರಿಯಾ ಕಡೆಯಿಂದ ಬೀಸುವ ಶೀತಗಾಳಿ. ಅದು ನಾಲ್ಕು ದಿನ ಕೈಕೊಟ್ಟರೆ ನೆಲದ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಪದರ ಮುಚ್ಚಳದಂತೆ ಕೂರುತ್ತದೆ. ಹೊಗೆ ಬೆರೆಯಲು ಸಿಗುವ ಎತ್ತರ 1,000 ಮೀಟರ್‌ನಿಂದ 300ಕ್ಕೆ ಇಳಿಯಿತೆನ್ನಿ. ಚಿಮಣಿಗಳು ಎಂದಿನಷ್ಟೇ ಉಗುಳಿದರೂ ಸಾಂದ್ರತೆ ಮೂರು ಪಟ್ಟು ಮೀರುತ್ತದೆ. ದಕ್ಷಿಣದ ತೇವವೂ ಸೇರಿತೋ, ಸಲ್ಫರ್ ಡೈಆಕ್ಸೈಡ್ ಮತ್ತು ನೈಟ್ರೋಜನ್ ಆಕ್ಸೈಡ್‌ಗಳು ಬೇಗಬೇಗ ಸಲ್ಫೇಟ್, ನೈಟ್ರೇಟ್ ಕಣಗಳಾಗುತ್ತವೆ.

ಶೀತಗಾಳಿಯ ಬಲದಲ್ಲಿ ಪೆಸಿಫಿಕ್‌ನ ಕೈವಾಡವಿದೆ. ಎಲ್ ನಿನೊ, ಅಂದರೆ ಸಮಭಾಜಕದ ಬಳಿ ಪೆಸಿಫಿಕ್‌ನ ಮಧ್ಯ-ಪೂರ್ವ ಭಾಗದ ನೀರು ಎಂದಿಗಿಂತ ಬೆಚ್ಚಗಾಗುವ ಸ್ಥಿತಿ, ಇರುವ ಚಳಿಗಾಲದಲ್ಲಿ ಫಿಲಿಪೀನ್ಸ್ ಬಳಿ ಅಧಿಕ ಒತ್ತಡ ನೆಲೆಯೂರಿ, ಅದರ ಪಶ್ಚಿಮ ಅಂಚಿನ ಗಾಳಿ ಚೀನಾದ ಒಳಕ್ಕೆ ತೇವ ತಳ್ಳುತ್ತದೆ. 2015ರ ಡಿಸೆಂಬರ್‌ನಲ್ಲಿ ಬೀಜಿಂಗ್ ಹೊಗೆಮಂಜಿನ ಮೊದಲ ಕೆಂಪು (ಅತಿ ಗಂಭೀರ ಮಟ್ಟದ) ಎಚ್ಚರಿಕೆ ಹೊರಡಿಸಿದ್ದು ಪ್ರಬಲ ಎಲ್ ನಿನೊ ನಡುವೆಯೇ. ಉತ್ತರ ಪೆಸಿಫಿಕ್‌ನಲ್ಲಿ 20–30 ವರ್ಷಕ್ಕೊಮ್ಮೆ ಮಗ್ಗುಲು ಬದಲಿಸುವ ಪಿಡಿಒ (ಪೆಸಿಫಿಕ್ ಡೆಕೇಡಲ್ ಆಸಿಲೇಶನ್, ಸಾಗರ ಮೇಲ್ಮೈ ತಾಪದ ಏರಿಳಿತ) ಇನ್ನೂ ನಿಧಾನದ ಹಿನ್ನೆಲೆ: ಅದರ ಧನ ಹಂತದಲ್ಲಿ ಈ ಶೀತಗಾಳಿ ಸೊರಗುವ ಒಲವು ಹೆಚ್ಚು.

ಗುರಿ ನಿಗದಿ ಮಾಡುವವರಿಗೆ ಇದು ಮುಖ್ಯ. 2013ರಲ್ಲಿ ಘನ ಮೀಟರ್‌ಗೆ 89.5 ಮೈಕ್ರೋಗ್ರಾಂ ಇದ್ದ ಪಿಎಂ2.5 (ಗಾಳಿಯಲ್ಲಿನ ಅತಿ ಸೂಕ್ಷ್ಮ ಕಣ) ವಾರ್ಷಿಕ ಸರಾಸರಿ 2017ಕ್ಕೆ 58ಕ್ಕೆ ಇಳಿದು 60ರ ಗುರಿ ಮುಟ್ಟಿತು. ಕೊನೆಯ ತಿಂಗಳುಗಳಲ್ಲಿ ಗಾಳಿಯೂ ಕೈಹಿಡಿದಿತ್ತು. ಹವೆಯ ಪಾಲನ್ನು ಕಳೆಯದೆ ಇಲಾಖೆಗಳ ಬೆನ್ನು ತಟ್ಟುವುದು ಹೇಗೆ? 2020ರ ಫೆಬ್ರುವರಿಯಲ್ಲಿ ಕೋವಿಡ್‌ನಿಂದ ವಾಹನ ಸಂಚಾರ ಕುಸಿದಿದ್ದರೂ ಗಾಳಿ ನಿಂತು, ತೇವ ಏರಿ, ನಗರಕ್ಕೆ ಹೊಗೆಮಂಜು ಮುಸುಕಿತ್ತು.

ವಿರೋಧ

ಭೌತಶಾಸ್ತ್ರದ ಬಗ್ಗೆ ತಕರಾರಿಲ್ಲ. ದಾಖಲೆ ಎಲ್ಲಿದೆ? ಬೀಜಿಂಗ್‌ನ ಅಮೆರಿಕ ರಾಯಭಾರ ಕಚೇರಿ ಪಿಎಂ2.5 ಅಳೆಯತೊಡಗಿದ್ದೇ 2008ರಲ್ಲಿ. ಪಿಡಿಒದ ಒಂದು ಪೂರ್ಣ ಸುತ್ತೂ ಅದರಲ್ಲಿ ಸಿಗದು. ಹಿಂದಿನ ದಶಕಗಳಿಗೆ ಗೋಚರತೆಯ ದಾಖಲೆಯೇ ಆಸರೆ. 10 ಕಿ.ಮೀ.ಗಿಂತ ಕಡಿಮೆ ಕಂಡು, ತೇವಾಂಶ ಒಂದು ಮಿತಿಯೊಳಗಿದ್ದರೆ ಅದು ಹೊಗೆಮಂಜಿನ ದಿನ. ಆ ಮಿತಿಯನ್ನು ಕೆಲವರು ಶೇ 80 ಎನ್ನುತ್ತಾರೆ, ಕೆಲವರು 90. ದಿನಗಳ ಎಣಿಕೆಯೇ ಬದಲಾಗುತ್ತದೆ. ಅದೇ ದಶಕಗಳಲ್ಲಿ ಕಲ್ಲಿದ್ದಲ ಬಳಕೆಯೂ ಏರಿದೆ. ಆ ಏರಿಕೆಯನ್ನು ಯಾವ ಆಕಾರದ ರೇಖೆಯೆಂದು (ನೇರವೋ, ಬಾಗಿದ್ದೋ) ಹಿಡಿದು ಕಳೆಯುತ್ತೀರೋ ಅದರ ಮೇಲೆ ಉಳಿಯುವ 'ಸಾಗರದ ಅಲೆ' ನಿಂತಿದೆ.

ಎಲ್ಲಕ್ಕಿಂತ ದೊಡ್ಡ ತೊಡಕು 2013ರ ಜನವರಿ. 12ನೇ ತಾರೀಖು ರಾಯಭಾರ ಕಚೇರಿಯ ಮಾಪಕ ಪಿಎಂ2.5 ಅನ್ನು 886 ಮೈಕ್ರೋಗ್ರಾಂ ತೋರಿಸಿತು. ಆಗ ಎಲ್ ನಿನೊ ಇರಲಿಲ್ಲ, ಪಿಡಿಒ ಋಣ ಹಂತದಲ್ಲಿತ್ತು! ಸಾಗರದ ಸೂಚ್ಯಂಕ ನಂಬಿ ಕೂತವರು ಆ ಚಳಿಗಾಲವನ್ನು ಸುರಕ್ಷಿತ ಎನ್ನಬೇಕಿತ್ತು.

ಸಾಲಾಗಿ ಮೂರು ಲಾ ನಿನಾ (ಎಲ್ ನಿನೊಗೆ ತದ್ವಿರುದ್ಧ ಸ್ಥಿತಿ) ಚಳಿಗಾಲಗಳ ಬೆನ್ನಿಗೇ 2023–24ರಲ್ಲಿ ಪ್ರಬಲ ಎಲ್ ನಿನೊ ಬಂತು. ಬೀಜಿಂಗ್‌ನ ಪಿಎಂ2.5 ವಾರ್ಷಿಕ ಸರಾಸರಿ ಮಾತ್ರ 2022ರಲ್ಲಿ 30, 2024ರಲ್ಲಿ 30.5. ವಾರ್ಷಿಕ ಅಂಕಿಯಲ್ಲಿ ಚಳಿಗಾಲ ಮರೆಯಾಗುತ್ತದೆ, ಒಪ್ಪೋಣ. ಆದರೂ ಕಲ್ಲಿದ್ದಲ ಬಾಯ್ಲರ್ ತೆಗೆದು ಗ್ಯಾಸ್ ಹಾಕಿದ್ದರ ಫಲ ಎರಡೂ ಹಂತದಲ್ಲಿ ಉಳಿಯಿತು. ಯಾವ ಕಾರ್ಖಾನೆಯನ್ನು ಯಾವತ್ತು ನಿಲ್ಲಿಸಬೇಕೆಂದು ತಿಳಿಯಲು ಮೂರ್ನಾಲ್ಕು ದಿನ ಮುಂಚಿನ ಮುನ್ಸೂಚನೆ ಸಾಕು, ಅದು ಈಗಾಗಲೇ ಕೈಯಲ್ಲಿದೆ.