ಮೇಲೆ ಯಾವುದು, ಸಾವಕಾರರೇ?

ಕಪನೂರ ಕೈಗಾರಿಕಾ ಪ್ರದೇಶದಲ್ಲಿ ನಾನು ಕೆಲಸ ಮಾಡುವ ವರ್ಕ್‌ಶಾಪಿನಲ್ಲಿ ದೇವರ ಫೋಟೊ ಒಂದನ್ನು ಬಿಟ್ಟರೆ ಯಾವ ವಸ್ತುವಿಗೂ ಮೇಲೆ ಕೆಳಗೆ ಎಂಬುದು ಖಾತ್ರಿಯಿಲ್ಲ. ವರ್ನಿಯರ್ ಹಿಡಿದು ಅಳತೆ ತಪಾಸಣೆ ಮಾಡುವುದು ನನ್ನ ಕೆಲಸ. ಆದ್ದರಿಂದ ಎಲ್ಲರ ಜಗಳವನ್ನೂ ಪಕ್ಷಾತೀತವಾಗಿ ಅನುಭವಿಸುವ ಸೌಭಾಗ್ಯ ನನ್ನದು.

ಕಲಬುರಗಿಯ ದಾಲ್‌ಮಿಲ್‌ಗಳೇ ನಮ್ಮ ಅನ್ನದಾತರು. ತೊಗರಿ ಮಾರುಕಟ್ಟೆಗೆ ಬಂದು ಮಿಲ್ಲುಗಳು ಹಗಲಿರುಳು ಓಡಲು ಶುರುವಾದರೆ ಕಾಳನ್ನು ಮೇಲಕ್ಕೆ ಸಾಗಿಸುವ ಎಲಿವೇಟರಿನ ಪುಲ್ಲಿ, ಶಾಫ್ಟ್, ಬೇರಿಂಗನ್ನು ಹಿಡಿದಿಡುವ ಹೌಸಿಂಗ್ ಎಲ್ಲವೂ ಮಾತಾಡಿಕೊಂಡಂತೆ ಒಟ್ಟಿಗೆ ಕೈಕೊಡುತ್ತವೆ. ಹಿಂದೆ ಮಿಲ್ಲಿನವರು ಮುರಿದ ತುಂಡನ್ನೇ ಗೋಣಿಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದರು. ಈಗ ಅವರ ಮಕ್ಕಳು ಇಂಜಿನಿಯರಿಂಗ್ ಓದುತ್ತಾರೆ. ಕಂಪ್ಯೂಟರಿನಲ್ಲಿ ಮಾಡೆಲ್ ಬರೆದು ಮೊಬೈಲಿಗೆ ಕಳುಹಿಸುತ್ತಾರೆ. ಗೋಣಿಚೀಲದ ತುಂಡಿಗೆ ಯಾವ ಕಡೆ ಮೇಲೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಮಸಿ ಹಿಡಿದದ್ದು ಕೆಳಗೆ, ಬೇಳೆಯ ಧೂಳು ಕೂತದ್ದು ಮೇಲೆ.

ಆ ಸಲ ಬಂದದ್ದು ಬೀಡುಕಬ್ಬಿಣದ ಬೇರಿಂಗ್ ಹೌಸಿಂಗ್. ಕೆಳಗೆ 20 ಮಿಲಿಮೀಟರ್ ದಪ್ಪದ ಪಾದ, ಅದರಲ್ಲಿ ಎರಡು ಬೋಲ್ಟ್ ರಂಧ್ರ, ನಡುವೆ ಬೇರಿಂಗ್ ಕೂರುವ ದೊಡ್ಡ ದುಂಡು ರಂಧ್ರ, ಅಂದರೆ ಬೋರ್. ಮಾಡೆಲ್ ಬರೆದವನು ಹೈದರಾಬಾದಿನಲ್ಲಿ ಓದುವ ಮಿಲ್ ಮಾಲೀಕರ ಮಗ. ಅವನ ಪರದೆಯ ಮೇಲೆ ಹೌಸಿಂಗ್ ಸೊಗಸಾಗಿ ನಿಂತಿತ್ತು. ನಮ್ಮಲ್ಲಿ ಯಂತ್ರಕ್ಕೆ ಪ್ರೋಗ್ರಾಂ ಬರೆಯುವ ಹುಡುಗ ಅದನ್ನು ತನ್ನ ಸಾಫ್ಟ್‌ವೇರಿನಲ್ಲಿ ತೆರೆದಾಗ ಅಂಗಾತ ಮಲಗಿತ್ತು.

ಇದರಲ್ಲಿ ಯಾವ ಸಾಫ್ಟ್‌ವೇರಿನ ತಪ್ಪೂ ಇಲ್ಲ. ಮಾಲೀಕರ ಮಗ ಮಾಡೆಲ್ ಬರೆಯುವ ಸಾಲಿಡ್‌ವರ್ಕ್ಸ್‌ನಲ್ಲಿ ಹೊಸ ಭಾಗ ತೆರೆದರೆ ಎದುರಿಗೆ ಕಾಣುವ ಸಮತಲವೇ ಎಕ್ಸ್-ವೈ. ವೈ ಮೇಲಕ್ಕೆ ಹೋಗುತ್ತದೆ, ಝಡ್ ನೇರವಾಗಿ ನಮ್ಮ ಮೂಗಿಗೆ ಬರುತ್ತದೆ. ನಮ್ಮ ಹುಡುಗ ಪ್ರೋಗ್ರಾಂ ಬರೆಯುವ ಮಾಸ್ಟರ್‌ಕ್ಯಾಮ್‌ನಲ್ಲಿ ಮೇಲಿನಿಂದ ಬಗ್ಗಿ ನೋಡುವ ಸಮತಲ ಎಕ್ಸ್-ವೈ. ಝಡ್ ತಗಡಿನ ಛಾವಣಿಯತ್ತ ಹೋಗುತ್ತದೆ. ಒಬ್ಬನು ಹಾಳೆಯನ್ನು ಗೋಡೆಗೆ ಅಂಟಿಸಿ ಬರೆದಿದ್ದಾನೆ, ಇನ್ನೊಬ್ಬನು ನೆಲಕ್ಕೆ ಹಾಸಿ ಬರೆದಿದ್ದಾನೆ, ಅಷ್ಟೇ. ಇಬ್ಬರ ನಡುವೆ ಓಡಾಡುವ ಸ್ಟೆಪ್ ಕಡತ ಅಂಕಿಗಳನ್ನು ಚಾಚೂತಪ್ಪದೆ ಒಯ್ಯುತ್ತದೆ. ಆ ಅಂಕಿಗಳಲ್ಲಿ ಮೇಲೆ ಯಾವುದು ಎಂದು ಕೇಳಿದರೆ ಸುಮ್ಮನಿರುತ್ತದೆ.

ಮೊದಲ ದಿನ ಯಾರಿಗೂ ಸಂಶಯ ಬರಲಿಲ್ಲ. ಬೋರ್ ಹೊಡೆಯಲು ಹೌಸಿಂಗ್ ಅಂಗಾತ ಮಲಗಲೇಬೇಕು. ಆಪರೇಟರ್ ಕಾಕಾ ಹಾಗೆಯೇ ಮಲಗಿಸಿ ಬಿಗಿದರು, ಬೋರ್ ಕನ್ನಡಿಯಂತೆ ಬಂತು, ನಾನೂ ಅಳೆದು ಸಹಿ ಹಾಕಿದೆ. ಕಷ್ಟ ಶುರುವಾದದ್ದು ಮರುದಿನ, ಪಾದದ ರಂಧ್ರಗಳಿಗಾಗಿ ಅದನ್ನು ನಿಲ್ಲಿಸಬೇಕಾದಾಗ. ಹುಡುಗ ಹೈದರಾಬಾದಿಗೆ ಫೋನ್ ಹಚ್ಚಿದ.

“ಮೇಲಿನ ನೋಟ, ಟಾಪ್ ಒತ್ತಿರಿ.”

“ಒತ್ತಿದೆ.”

“ಎರಡು ಸಣ್ಣ ರಂಧ್ರ ಕಾಣುತ್ತವಲ್ಲ?”

“ಇಲ್ಲವಲ್ಲ. ಒಂದೇ ದೊಡ್ಡ ರಂಧ್ರ ಕಾಣುತ್ತದೆ.”

“ಅದು ಫ್ರಂಟ್ ರೀ.”

“ನಾನು ಒತ್ತಿದ್ದು ಟಾಪ್!”

ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದರು. ಸತ್ಯವಂತರ ನಡುವಿನ ಜಗಳ ಬೇಗ ಮುಗಿಯುವುದಿಲ್ಲ. ಹೊರಗೆ ಮೇ ತಿಂಗಳ ಬಿಸಿಲು, ಒಳಗೆ ಬಂದೂ ಬಾರದ ಕರೆಂಟು. ಆಗ ನಮ್ಮ ವರ್ಕ್‌ಶಾಪಿನ ಮಾಲೀಕರಾದ ಸಾವಕಾರರು ಬಂದರು. ಯಾವ ಸಮಸ್ಯೆಯನ್ನಾದರೂ ಮೂರು ನಿಮಿಷದಲ್ಲಿ ಬಗೆಹರಿಸುವುದು ಅವರ ಸ್ವಭಾವ; ಅದನ್ನು ಸರಿಪಡಿಸಲು ನಮಗೆ ಮೂರು ದಿನ ಬೇಕಾಗುತ್ತದೆ. ಹುಡುಗನ ಕೈಯಿಂದ ಮೌಸ್ ಕಿತ್ತುಕೊಂಡು ಪರದೆಯ ಮೇಲಿನ ಹೌಸಿಂಗನ್ನು ಎಳೆದು, ಹೊರಳಿಸಿ, ಕೊನೆಗೆ ನೆಟ್ಟಗೆ ನಿಲ್ಲಿಸಿದರು.

“ನಿಂತಿತು ನೋಡು ತಮ್ಮಾ. ಇಷ್ಟಕ್ಕೆ ಹೈದರಾಬಾದಿಗೆ ಯಾಕೆ ಫೋನು?”

ನಿಂತದ್ದು ನೋಟ, ಹೌಸಿಂಗ್ ಅಲ್ಲ. ಮೌಸ್ ತಿರುಗಿಸಿದಾಗ ತಿರುಗುವುದು ನಮ್ಮ ಕಣ್ಣು ಮಾತ್ರ. ವಸ್ತು ತನ್ನ ಅಕ್ಷಗಳ ಜೊತೆ ಇದ್ದಲ್ಲೇ ಇರುತ್ತದೆ. ಪರದೆಯ ಮೂಲೆಯಲ್ಲಿ ಮೂರು ಬಣ್ಣದ ಪುಟ್ಟ ಬಾಣಗಳು ಈ ನಿಜವನ್ನು ಸಾರುತ್ತಲೇ ಇದ್ದವು. ಝಡ್ ಬಾಣ ಆಗಲೂ ಬೋರಿನ ದಿಕ್ಕಿಗೇ ಇತ್ತು. ಆದರೆ ಸಾವಕಾರರು ಕುರ್ಚಿಯ ಹಿಂದೆ ನಿಂತಿರುವಾಗ ಮೂಲೆಯ ಬಾಣಗಳನ್ನು ನೋಡುವ ಧೈರ್ಯ ಯಾರಿಗಿರುತ್ತದೆ? ಹುಡುಗ ಎರಡು ರಂಧ್ರಗಳ ಕೇಂದ್ರ ಆರಿಸಿ, ಅವಸರಕ್ಕೆ ಪರದೆಯ ಮೇಲೆ ಓಡಿಸಿ ನೋಡುವ ಸಿಮ್ಯುಲೇಶನ್ ಬಿಟ್ಟು, ಪ್ರೋಗ್ರಾಂ ಕೊಟ್ಟ.

ಕಾಕಾ ಹೌಸಿಂಗನ್ನು ನಿಲ್ಲಿಸಿ ಬಿಗಿದರು. ಪ್ರೋಗ್ರಾಂ ಮಾತ್ರ ಅದು ಇನ್ನೂ ಮಲಗಿದೆ ಎಂದೇ ನಂಬಿತ್ತು. ಪಾದದ 20 ಮಿಲಿಮೀಟರ್ ದಪ್ಪ ಅದರ ಲೆಕ್ಕದಲ್ಲಿ ವೈ ದಿಕ್ಕಿನ ದೂರವಾಗಿತ್ತು. ಡ್ರಿಲ್ ಬಿಟ್ ಪಾದದ ನಡುರೇಖೆಯನ್ನು ಬಿಟ್ಟು ಸರಿಯಾಗಿ 20 ಮಿಲಿಮೀಟರ್ ಹಿಂದೆ ಹೋಗಿ ಎರಡು ಅಂದವಾದ ರಂಧ್ರಗಳನ್ನು ಕೊರೆಯಿತು. ವ್ಯಾಸ ಸರಿ, ಎರಡರ ನಡುವಿನ ಅಂತರ ಸರಿ, ಒಳಮೈ ನುಣುಪು. ನನ್ನ ವರ್ನಿಯರಿಗೆ ಇಷ್ಟು ಕರಾರುವಾಕ್ಕಾದ ತಪ್ಪು ಅದುವರೆಗೆ ಸಿಕ್ಕಿರಲಿಲ್ಲ. ಸಾವಕಾರರು ಅದನ್ನು ಬಹಳ ಹೊತ್ತು ನೋಡಿ, “ಮಿಲ್ಲಿನವರ ಫ್ರೇಮಿನಲ್ಲೇ ರಂಧ್ರ ಹಿಂದಕ್ಕೆ ಸರಿಸಿದರೆ ಹೇಗೆ?” ಎಂದು ಕೇಳಿದರು. ಕಾಕಾ ಬೀಡಿ ಹಚ್ಚಲು ಹೊರಗೆ ಹೋದರು.

ಆಮೇಲೆ ಎಲ್ಲರಿಗೂ ಅಕ್ಷಗಳ ದಿಕ್ಕು ತಿಳಿಯುವ ಬಲಗೈ ನಿಯಮ ಕಲಿಸುವುದೆಂದು ತೀರ್ಮಾನವಾಯಿತು. ಹೆಬ್ಬೆರಳು ಎಕ್ಸ್, ತೋರುಬೆರಳು ವೈ, ನಡುಬೆರಳು ಝಡ್. ಕೇಳಲು ಸುಲಭ. ಆದರೆ ಬಲಗೈಯಲ್ಲಿ ಯಾವಾಗಲೂ ಏನಾದರೊಂದು ಇರುತ್ತದೆ: ಹುಡುಗನಿಗೆ ಮೌಸ್, ಕಾಕಾನಿಗೆ ಪಾನಾ, ಸಾವಕಾರರಿಗೆ ಮೊಬೈಲ್. ಹಾಗಾಗಿ ಎಲ್ಲರೂ ಎತ್ತಿದ್ದು ಎಡಗೈ. ಎಡಗೈಯಲ್ಲಿ ಒಂದು ಅಕ್ಷ ಉಲ್ಟಾ ಆಗುತ್ತದೆ ಎಂದು ನಾನು ವಿವರಿಸುತ್ತಿರುವಾಗ ಚಹಾದ ಹುಡುಗ ಬಾಗಿಲಲ್ಲಿ ನಿಂತು ನಾಲ್ವರ ಸೊಟ್ಟ ಬೆರಳುಗಳನ್ನು ಎಣಿಸಿ ಹನ್ನೆರಡು ಚಹಾ ತಂದಿಟ್ಟ. ಲೆಕ್ಕ ಸಾವಕಾರರ ಖಾತೆಗೆ ಹೋಯಿತು.

ಝಡ್ ಎಂದರೆ ಮೇಲೆ ಎಂದು ಬಾಯಿಪಾಠ ಮಾಡಿಸಿದ್ದರೂ ಸಾಲದು. ಯಂತ್ರದಲ್ಲಿ ಝಡ್ ತಿರುಗುವ ದಂಡವಾದ ಸ್ಪಿಂಡಲ್‌ಗೆ ಅಂಟಿಕೊಂಡಿರುತ್ತದೆ. ನಮ್ಮ ಮಿಲ್ಲಿಂಗ್ ಯಂತ್ರದ ಸ್ಪಿಂಡಲ್ ಲಂಬ, ಝಡ್ ನಿಂತಿದೆ. ಅದೇ ಶೆಡ್ಡಿನ ಲೇತ್‌ನಲ್ಲಿ ಸ್ಪಿಂಡಲ್ ಅಡ್ಡ, ಝಡ್ ಮಲಗಿದೆ. ಸಾಲದ್ದಕ್ಕೆ ಐಎಸ್‌ಒ 841 ಎಂಬ ಮಾನದಂಡದ ಪ್ರಕಾರ ದಿಕ್ಕುಗಳನ್ನು ಹೇಳುವಾಗ ಜಾಬ್, ಅಂದರೆ ಬಿಗಿದ ತುಂಡು, ಸ್ಥಿರ, ಟೂಲ್ ಚಲಿಸುತ್ತದೆ ಎಂದು ಭಾವಿಸಬೇಕು. ನಮ್ಮ ಯಂತ್ರದಲ್ಲಿ ಅಡ್ಡಲಾಗಿ ಚಲಿಸುವುದು ಟೇಬಲ್. ಪ್ಲಸ್ ಎಕ್ಸ್ ಒತ್ತಿದರೆ ಟೇಬಲ್ ಎಡಕ್ಕೆ ಹೋಗುತ್ತದೆ. ವಾಡಿ ಜಂಕ್ಷನ್‌ನಲ್ಲಿ ಪಕ್ಕದ ಗಾಡಿ ಹೊರಟಾಗ ನಮ್ಮದೇ ಹೊರಟಿತೆಂದು ತಿಳಿದು ಚಹಾ ಚೆಲ್ಲಿಕೊಂಡವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಹೊಸ ಸಹಾಯಕನಿಗೆ ಆಗಲಿಲ್ಲ. ಯಂತ್ರ ಕೆಟ್ಟಿದೆ ಎಂದು ಮುಖ್ಯ ಸ್ವಿಚ್ ಆರಿಸಿಬಿಟ್ಟ.

ಪಕ್ಕದ ಶೆಡ್ಡಿನ ಬಡಿಗರ ಕಥೆ ಕೇಳಿದ ಮೇಲೆ ನಮ್ಮದು ಅಷ್ಟೇನೂ ಘೋರವಲ್ಲ ಅನ್ನಿಸಿತು. ದೇವರ ಕೋಣೆಯ ಬಾಗಿಲಿಗೆ ಯಂತ್ರದಲ್ಲಿ ನಂದಿ ಕೆತ್ತಲು ಅವರಿಗೆ ಯಾರೋ ಎಸ್‌ಟಿಎಲ್ ಎಂಬ ಬಗೆಯ ಮಾಡೆಲ್ ಕಡತ ಕೊಟ್ಟಿದ್ದರು. ಆ ಬಗೆಯ ಕಡತದಲ್ಲಿ ಅಂಕಿ ಇರುತ್ತದೆ, ಅದು ಇಂಚೋ ಮಿಲಿಮೀಟರೋ ಎಂಬುದು ಇರುವುದಿಲ್ಲ. 12 ಇಂಚಿನ ನಂದಿ 12 ಮಿಲಿಮೀಟರಿಗೆ ಇಳಿದು, ಮೇಲಾಗಿ ಹಲಗೆಯೊಳಗೆ ತಲೆ ಹುದುಗಿಸಿ ನಿಂತಿತು. ಬಾಗಿಲು ಮಾಡಿಸಿದ ಯಜಮಾನರು ಕನ್ನಡಕ ಹಾಕಿಕೊಂಡು ನೋಡಿ, ಉಂಗುರಕ್ಕೆ ಬೇಕಿದ್ದರೆ ಅಕ್ಕಸಾಲಿಗರ ಹತ್ತಿರ ಹೋಗುತ್ತಿದ್ದೆ ಎಂದರಂತೆ.

ನಮ್ಮಲ್ಲಿ ಈಗ ಕಟ್ಟುನಿಟ್ಟು ಬಂದಿದೆ. ಮಾಡೆಲ್ ಕಳುಹಿಸುವವರು ಯಾವ ಮುಖ ಟೇಬಲ್ಲಿಗೆ ಕೂರುತ್ತದೆ, ಸೊನ್ನೆ ಎಲ್ಲಿ, ಝಡ್ ಎತ್ತ ಎಂದು ತೋರಿಸುವ ಪ್ರತ್ಯೇಕ ನಿರ್ದೇಶಾಂಕ ವ್ಯವಸ್ಥೆಯನ್ನು ಮಾಡೆಲ್‌ನಲ್ಲೇ ಕೂರಿಸಿ, ಅದಕ್ಕೆ ತಕ್ಕಂತೆ ಕಡತ ಹೊರತೆಗೆಯಬೇಕು. ಆಗದಿದ್ದರೆ ಹುಡುಗನೇ ತನ್ನ ಸಾಫ್ಟ್‌ವೇರಿನಲ್ಲಿ ಪ್ರತಿ ಹಿಡಿತಕ್ಕೂ ಬೇರೆ ಸಮತಲ ಆರಿಸುತ್ತಾನೆ. ಕಾಕಾ ಮಾತ್ರ ಇವು ಯಾವುದನ್ನೂ ನಂಬದೆ ಎರಕದ ಮೇಲೆ ಸೀಮೆಸುಣ್ಣದಿಂದ ಬಾಣ ಬರೆದು, ಪರದೆಯ ಮೂಲೆಯ ಬಾಣಕ್ಕೆ ಹೊಂದಿಸಿ ನೋಡಿದ ಮೇಲೆಯೇ ಹಸಿರು ಗುಂಡಿ ಒತ್ತುತ್ತಾರೆ. ಖರ್ಚಿನ ದೃಷ್ಟಿಯಿಂದ ಸಾವಕಾರರಿಗೆ ಹೆಚ್ಚು ಮೆಚ್ಚುಗೆಯಾದದ್ದು ಸೀಮೆಸುಣ್ಣವೇ.

ಉಳಿತಾಯದ ಉತ್ಸಾಹದಲ್ಲಿ ಅವರು ಈಗ ನಾಲ್ಕನೆಯ ಅಕ್ಷ ಕೊಳ್ಳಲು ಹೊರಟಿದ್ದಾರೆ. ಜಾಬನ್ನೇ ಎಕ್ಸ್ ಸುತ್ತ ತಿರುಗಿಸುವ ಅದಕ್ಕೆ ಎ ಎಂದು ಹೆಸರು. ಪ್ಲಸ್ ಎತ್ತ ಎಂದು ತಿಳಿಯಲು ಬಲಗೈಯ ಹೆಬ್ಬೆರಳನ್ನು ಎಕ್ಸ್‌ನತ್ತ ಚಾಚಿ ಉಳಿದ ಬೆರಳುಗಳನ್ನು ಮಡಚಬೇಕು. ಅದು ಬಂದು ಕೂರುವ ವಾರಕ್ಕೆ ಕಾಕಾ ಆಳಂದದ ಮಗಳ ಮನೆಗೆ ಹೋಗಬೇಕೆಂದು ಈಗಲೇ ರಜೆ ಅರ್ಜಿ ಕೊಟ್ಟಿದ್ದಾರೆ. ನನ್ನದೂ ಒಂದು ಅದರ ಕೆಳಗೇ ಇದೆ.